ತಲೆದೆಸೆಯ ಸ್ಟೂಲು

ಹೊಸೂರಿನಿಂದ ಸೂಳಗಿರಿಗೆ ಹೋಗುವ ರಸ್ತೆಯಲ್ಲಿ, ಸ್ವಲ್ಪ ಒಳಗೆ, ಆ ಕಾಲಕ್ಕೆ ಮೂವತ್ತು ಮಂಚಗಳ ಒಂದು ಧರ್ಮಾಸ್ಪತ್ರೆ ಇತ್ತು. ನಾನು ಅಲ್ಲಿ ಡ್ರೆಸ್ಸರ್ ಆಗಿದ್ದೆ. ಗಾಯ ತೊಳೆದು ಕಟ್ಟುವುದು, ಕತ್ತರಿ ಚಾಕುಗಳನ್ನು ಕುದಿಸುವುದು ನನ್ನ ಕೆಲಸ. ಗುರುವಾರ ಮಾತ್ರ ಇನ್ನೊಂದು ಕೆಲಸವಿತ್ತು. ಅಂದು ಆಪರೇಷನ್ ದಿನ. ರೋಗಿಯ ತಲೆದೆಸೆಯಲ್ಲಿ ಒಂದು ಸ್ಟೂಲಿನ ಮೇಲೆ ಕೂತು, ಈಥರ್ ಕೊಟ್ಟು ಪ್ರಜ್ಞೆ ತಪ್ಪಿಸುವವನೂ ನಾನೇ.

ಅದಕ್ಕೆ ಓದು ಬೇಕೆಂದು ನಮ್ಮ ಕಡೆ ಯಾರೂ ಅಂದುಕೊಂಡಿರಲಿಲ್ಲ. ತಂತಿಯ ಒಂದು ಚಿಕ್ಕ ಬುಟ್ಟಿ, ಅದರ ಮೇಲೆ ಎಂಟು ಪದರ ಬಟ್ಟೆ. ಅದನ್ನು ಮೂಗು ಬಾಯಿಯ ಮೇಲಿಟ್ಟು, ಬಾಟಲಿಯಿಂದ ತೊಟ್ಟು ತೊಟ್ಟಾಗಿ ಈಥರ್ ಬಿಡಬೇಕು. ರೋಗಿಗೆ ನಿಧಾನವಾಗಿ ಎಣಿಸು ಎಂದು ಹೇಳಬೇಕು. ಎಣಿಕೆ ತಪ್ಪಿದರೆ ಬುದ್ಧಿ ಮುಳುಗಿತು ಎಂದು ಲೆಕ್ಕ. ಆಮೇಲೆ ಒಂದೆರಡು ನಿಮಿಷ ಬಿಟ್ಟು ನಾನು ತಲೆ ಆಡಿಸಿದರೆ ದೊಡ್ಡ ಡಾಕ್ಟರು ಚಾಕು ಹಾಕುತ್ತಿದ್ದರು. ಈ ಪದ್ಧತಿಯನ್ನು ನನಗೆ ಹೇಳಿಕೊಟ್ಟವರೂ ಅವರೇ. ಅವರು ಕುಂಭಕೋಣದ ಕಡೆಯವರು. ಯುದ್ಧದಲ್ಲಿ ಬರ್ಮಾ ಗಡಿಯ ಡೇರೆಗಳಲ್ಲಿ ಸಾವಿರಾರು ಸಿಪಾಯಿಗಳನ್ನು ಕೊಯ್ದು ಹೊಲಿದು ಬಂದಿದ್ದರು. ಕೈ ಬಹಳ ಚುರುಕು. ಕಾಯುವುದು ಮಾತ್ರ ಅವರಿಗೆ ಆಗುತ್ತಿರಲಿಲ್ಲ.

ಒಂದು ವಿಷಯ ನಮ್ಮಿಬ್ಬರನ್ನೂ ಕಾಡುತ್ತಿತ್ತು. ಕೃಷ್ಣಗಿರಿಯ ವ್ಯಾಪಾರಿಗಳು, ಶಾಲೆಯ ಮೇಷ್ಟ್ರುಗಳು ಬಂದರೆ ಐವತ್ತು ಅರವತ್ತರವರೆಗೆ ಎಣಿಸಿ, ತೊದಲಿ, ಮಲಗಿಬಿಡುತ್ತಿದ್ದರು. ಚಾಕು ಹಾಕಿದರೆ ಅಲ್ಲಾಡುತ್ತಿರಲಿಲ್ಲ. ಹಳ್ಳಿಯ ಒಕ್ಕಲು ಮಕ್ಕಳು ಮಲಗಿದರೆ ಇಪ್ಪತ್ತರ ಹತ್ತಿರಕ್ಕೇ ಎಣಿಕೆ ತಪ್ಪುತ್ತಿತ್ತು. ಚಾಕು ಹಾಕಿದ ಕೂಡಲೇ ಒದೆಯುತ್ತಿದ್ದರು. ಇಬ್ಬರು ಆಳುಗಳು ಕಾಲು ಒತ್ತಿಹಿಡಿಯಬೇಕಿತ್ತು, ನಾನು ಬಾಟಲಿ ಬಗ್ಗಿಸಿ ಸುರಿಯಬೇಕಿತ್ತು. ರಾಗಿ ಮುದ್ದೆ ತಿಂದ ಮೈ, ಈಥರಿಗೂ ಬಗ್ಗುವುದಿಲ್ಲ ಎಂದು ದೊಡ್ಡ ಡಾಕ್ಟರು ತೀರ್ಮಾನಿಸಿದ್ದರು. ನಾನೂ ಹೌದೆಂದಿದ್ದೆ. ಆದರೆ ಪ್ರತಿ ಬುಧವಾರ ಸಂಜೆ ನನಗೆ ಊಟ ಸೇರುತ್ತಿರಲಿಲ್ಲ. ಸುತ್ತಲ ಹಳ್ಳಿಗಳಲ್ಲಿ ನಮ್ಮದಕ್ಕೆ ಕಟ್ಟಿಹಾಕಿ ಕೊಯ್ಯುವ ಆಸ್ಪತ್ರೆ ಎಂದು ಹೆಸರು ಬಿದ್ದಿತ್ತು. ಹತ್ತು ಜನಕ್ಕೆ ಆಪರೇಷನ್ ಹೇಳಿದರೆ ಮೂರು ಜನ ಬರುತ್ತಿದ್ದರು.

ನಲವತ್ತಾರನೆಯ ಇಸವಿಯ ಜೂನಿನ ಮಳೆಗೆ ರಾಮಕೃಷ್ಣಪ್ಪ ಬಂದ. ಡೆಂಕಣಿಕೋಟೆ ಪಕ್ಕದ ಹಳ್ಳಿಯ ಹುಡುಗ. ಮದರಾಸಿನಲ್ಲಿ ಎಲ್.ಎಂ.ಪಿ. ಎಂಬ ಡಾಕ್ಟರಿ ಓದು ಮುಗಿಸಿ, ನಮ್ಮಲ್ಲಿ ಒಂದು ವರ್ಷ ಹೌಸ್ ಸರ್ಜನ್ ಆಗಿ ಕೆಲಸ ಕಲಿಯಲು ಸೇರಿದ. ವರ್ಷ ಚೆನ್ನಾಗಿ ಕಳೆದರೆ ದೊಡ್ಡ ಡಾಕ್ಟರು ಮದರಾಸಿನ ದೊಡ್ಡಾಸ್ಪತ್ರೆಗೆ ಕಾಗದ ಬರೆಯುತ್ತಾರೆ, ಅಲ್ಲಿ ಮುಂದಿನ ಸರ್ಜರಿ ಕಲಿಯಬಹುದು ಎಂದು ಮಾತಾಗಿತ್ತು. ಹುಡುಗನ ಬೆರಳು ನೋಡಿದರೆ ಹೂ ಕಟ್ಟುವವರ ಬೆರಳು ನೆನಪಾಗುತ್ತಿತ್ತು. ಗಂಟು ಹಾಕಿದರೆ ಬಿಚ್ಚುತ್ತಿರಲಿಲ್ಲ, ರಕ್ತ ಕಂಡರೆ ಗಾಬರಿ ಇರಲಿಲ್ಲ. ಮೂರೇ ತಿಂಗಳಿಗೆ ದೊಡ್ಡ ಡಾಕ್ಟರು ಸಣ್ಣಪುಟ್ಟ ಗಡ್ಡೆಗಳನ್ನು ಅವನ ಕೈಗೇ ಬಿಟ್ಟರು.

ಅವನಿಗೆ ತಂದೆ ಇರಲಿಲ್ಲ. ಓದಿಸಿದ್ದು ಸೋದರಮಾವ ದೊಡ್ಡವೆಂಕಟಪ್ಪ. ಒಳ್ಳೆ ಬೇಸಾಯಗಾರ, ದೊಡ್ಡ ಗಂಟಲಿನ ಮನುಷ್ಯ. ತಿಂಗಳಿಗೊಮ್ಮೆ ಇದ್ದಿಲು ಗ್ಯಾಸಿನ ಬಸ್ಸಿನಲ್ಲಿ ಮುಖವೆಲ್ಲ ಮಸಿ ಮಾಡಿಕೊಂಡು ಬಂದು, ಹುರುಳಿಯನ್ನೋ ಅವರೆಕಾಯಿಯನ್ನೋ ಕೊಟ್ಟು ಹೋಗುತ್ತಿದ್ದ. ನಮ್ಮ ಹುಡುಗ ಮನುಷ್ಯನ ಹೊಟ್ಟೆ ಕೊಯ್ದು ಹೊಲೀತಾನೆ ಎಂದು ಅವನು ಡೆಂಕಣಿಕೋಟೆ ಸಂತೆಯಲ್ಲಿ ಹೇಳದ ಅಂಗಡಿ ಇರಲಿಲ್ಲವಂತೆ.

ಕಾರ್ತಿಕ ಮಾಸದಲ್ಲಿ ಒಂದು ದಿನ ಚಾಕು ಕುದಿಸುವ ನೀರು ನನ್ನ ಬಲಗೈ ಮೇಲೆ ಚೆಲ್ಲಿತು. ಮಣಿಕಟ್ಟಿನವರೆಗೆ ಬೊಬ್ಬೆ. ಮಾರನೆಯ ದಿನ ಗುರುವಾರ. ಬಾಟಲಿ ಹಿಡಿಯುವವರಿಲ್ಲ. ದೊಡ್ಡ ಡಾಕ್ಟರು ರಾಮಕೃಷ್ಣಪ್ಪನಿಗೆ, ಇವತ್ತೊಂದು ದಿನ ನೀನೇ ಆ ಸ್ಟೂಲಿನ ಮೇಲೆ ಕೂತುಕೋ ಎಂದರು. ನಾನು ಕೈಗೆ ಬಟ್ಟೆ ಸುತ್ತಿಕೊಂಡು ಗೋಡೆಯ ಪಕ್ಕ ನಿಂತಿದ್ದೆ.

ಮೇಜಿನ ಮೇಲಿದ್ದವನು ಬೇರಿಗೆ ಊರಿನ ಕಡೆಯ ಸೊಣ್ಣಪ್ಪ ಎಂಬ ರೈತ. ತೊಡೆಯ ಮೇಲೆ ಚಿಕ್ಕ ತೆಂಗಿನಕಾಯಿಯಷ್ಟು ಗಡ್ಡೆ. ಎಣಿಸಪ್ಪ ಎಂದ ಕೂಡಲೇ ಅವನು ಬುಟ್ಟಿಯ ಒಳಗಿಂದ ಲಾಭ, ಎರಡು, ಮೂರು ಎಂದು ಶುರುಮಾಡಿದ. ಹಳ್ಳಿಯವರು ಬಹಳ ಮಂದಿ ಹಾಗೇ ಶುರುಮಾಡುತ್ತಿದ್ದರು. ಒಂದು ಎನ್ನುವ ಬದಲು ಲಾಭ ಎಂದು ಕಾಳು ಅಳೆಯುವುದನ್ನು ನಾನೂ ಹೊಸೂರಿನ ಮಂಡಿಯಲ್ಲಿ ಕೇಳಿದ್ದೆ. ಆದರೆ ನಾನು ಜಟಕಾ ಹೊಡೆಯುವವನ ಮಗ, ಕಣದಲ್ಲಿ ನಿಂತವನಲ್ಲ. ಆ ಲೆಕ್ಕದ ಬಗ್ಗೆ ಅದಕ್ಕಿಂತ ಹೆಚ್ಚು ಯೋಚಿಸಿರಲಿಲ್ಲ.

ಸೊಣ್ಣಪ್ಪ ಹದಿನೆಂಟು ಎಂದ, ಹತ್ತೊಂಬತ್ತು ಎಂದ, ಇಪ್ಪತ್ತು ಎಂದ. ಸ್ವಲ್ಪ ತಡೆದು ಮತ್ತೆ ಲಾಭ ಎಂದ. ಎರಡು ಎಂದ.

ಎಣಿಕೆ ತಪ್ಪಿತು ಎಂದು ದೊಡ್ಡ ಡಾಕ್ಟರು ಚಾಕು ತೆಗೆದುಕೊಂಡರು. ಸ್ವಲ್ಪ ಹೊತ್ತು ನಿಂತು, ಏನು, ಹಾಕಲೇ ಎನ್ನುವಂತೆ ಕೈ ಇಳಿಸಿದರು.

"ಬೇಡಿ ಸಾರ್. ಇನ್ನೂ ಎಚ್ಚರ ಇದ್ದಾನೆ" ಎಂದ ರಾಮಕೃಷ್ಣಪ್ಪ.

ಎಣಿಕೆ ಮೊದಲಿಗೆ ಹೋಯಿತಲ್ಲ, ಕೇಳಿಸಲಿಲ್ಲವೇ ಎಂದು ಅವರು ಸಿಡುಕಿದರು.

"ತಪ್ಪಿಲ್ಲ ಸಾರ್. ಕಣದಲ್ಲಿ ರಾಗಿ ಅಳೀತಿದ್ದಾನೆ. ಇಪ್ಪತ್ತು ಕೊಳಗಕ್ಕೆ ಒಂದು ಕಂಡಗ. ಇಪ್ಪತ್ತಾದ ಮೇಲೆ ಗುರುತಿಗೆ ಒಂದು ಹಿಡಿ ಕಾಳು ಪಕ್ಕಕ್ಕಿಟ್ಟು ಮತ್ತೆ ಲಾಭದಿಂದ ಶುರುಮಾಡ್ತಾರೆ. ಇವನು ಎರಡನೇ ಕಂಡಗದಲ್ಲಿದ್ದಾನೆ."

ದೊಡ್ಡ ಡಾಕ್ಟರ ಕೈ ಅಲ್ಲೇ ನಿಂತಿತು. ಕೋಣೆಯಲ್ಲಿ ಸೊಣ್ಣಪ್ಪನ ಧ್ವನಿ ಒಂದೇ. ಅವನು ಎರಡನೆಯ ಕಂಡಗವನ್ನು ಒಂದು ಕೊಳಗವೂ ತಪ್ಪದೆ ಮುಗಿಸಿದ. ಮೂರನೆಯದರಲ್ಲಿ ಒಂಬತ್ತರ ನಂತರ ಆರು ಬಂತು, ಆಮೇಲೆ ಯಾರನ್ನೋ ಬೈದ, ಆಮೇಲೆ ಬರೀ ಉಸಿರು. ರಾಮಕೃಷ್ಣಪ್ಪ ಆಗಲೂ ತಲೆ ಆಡಿಸಲಿಲ್ಲ. ರೆಪ್ಪೆಯ ಕೂದಲನ್ನು ಬೆರಳಿನಿಂದ ಸವರಿ ನೋಡಿದ. ದವಡೆಯನ್ನು ಮುಂದಕ್ಕೆ ಎತ್ತಿಹಿಡಿದು, ಉಸಿರು ಒಂದೇ ಸಮ ಆಗುವವರೆಗೆ ಕಾದ. ಆಮೇಲೆ ಸರಿ ಸಾರ್ ಎಂದ. ಚಾಕು ತೊಡೆಗೆ ಇಳಿಯಿತು. ಸೊಣ್ಣಪ್ಪನ ಕಾಲ ಬೆರಳೂ ಅಲ್ಲಾಡಲಿಲ್ಲ. ಕಾಲು ಹಿಡಿಯಲು ನಿಂತಿದ್ದ ಆಳುಗಳಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ನಾನು ಅಲ್ಲಿಯವರೆಗೆ ಎಷ್ಟು ಜನರನ್ನು ಎರಡನೆಯ ಕಂಡಗದಲ್ಲಿ ಚಾಕುವಿಗೆ ಒಪ್ಪಿಸಿದ್ದೆ ಎಂದು ಯೋಚಿಸುತ್ತಾ ಗೋಡೆಗೆ ಒರಗಿಕೊಂಡೆ. ದೊಡ್ಡ ಡಾಕ್ಟರೂ ಅದನ್ನೇ ಯೋಚಿಸುತ್ತಿದ್ದರೋ ಏನೋ. ಅಂದು ಅವರು ಯಾರನ್ನೂ ಬೈಯಲಿಲ್ಲ.

ನನ್ನ ಕೈ ವಾಸಿಯಾಗಲು ಐದು ವಾರ ಹಿಡಿಯಿತು. ಆ ಐದು ವಾರವೂ ಅವನೇ ಕೂತ. ಬುಧವಾರ ಸಂಜೆ ಮಂಚದಿಂದ ಮಂಚಕ್ಕೆ ಹೋಗಿ, ನಾಳೆಯ ರೋಗಿಗಳ ಹತ್ತಿರ ಕೂತು, ಯಾವ ಊರು, ಏನು ಕೆಲಸ, ಬೀಡಿ ಸೇದುತ್ತೀರಾ, ಹೆಂಡ ಎಷ್ಟು ಎಂದೆಲ್ಲ ಕೇಳುತ್ತಿದ್ದ. ಕನ್ನಡದವರಿಗೆ ಕನ್ನಡ, ತೆಲುಗಿನವರಿಗೆ ತೆಲುಗು, ತಮಿಳಿನವರಿಗೆ ತಮಿಳು. ನಾಳೆ ಮೂಗಿಗೆ ಏನು ವಾಸನೆ ಬರುತ್ತದೆ, ಗಂಟಲು ಹೇಗೆ ಉರಿಯುತ್ತದೆ, ಎದ್ದ ಮೇಲೆ ವಾಂತಿ ಆಗಬಹುದು ಎಂದು ಮೊದಲೇ ಹೇಳಿಬಿಡುತ್ತಿದ್ದ. ರೋಗಿಗಳಿಗೆ ಹಾಗೆ ಹೇಳಬಹುದು ಎಂದೇ ನಮಗೆ ಹೊಳೆದಿರಲಿಲ್ಲ. ಹೆದರಿದವನು ಹೇಳಿದ ಮೇಲೆ ಇನ್ನಷ್ಟು ಹೆದರುತ್ತಾನೆ ಎಂದುಕೊಂಡಿದ್ದೆ. ಆಗುತ್ತಿದ್ದದ್ದು ಅದರ ತಿರುಗುಮುರುಗು. ಕಾಲು ಹಿಡಿಯುವ ಆಳುಗಳಿಗೆ ಗುರುವಾರ ತೋಟದ ಕೆಲಸ ಹಚ್ಚಿದರು.

ನನ್ನ ಕೈ ಕಟ್ಟು ಬಿಚ್ಚಿದ ದಿನ ರಾಮಕೃಷ್ಣಪ್ಪ ನನ್ನ ಹತ್ತಿರ ಬಂದು ಕೂತ. ಸ್ವಲ್ಪ ಹೊತ್ತು ಬೊಬ್ಬೆಯ ಕಲೆ ನೋಡಿದ. ಆಮೇಲೆ, ನಿಮ್ಮ ಸ್ಟೂಲು ನಾನೇ ಇಟ್ಟುಕೊಳ್ಳಲೇ ಎಂದು ಕೇಳಿದ. ತಮಾಷೆ ಎಂದುಕೊಂಡೆ. ಅಲ್ಲ. ಮದರಾಸಿನಲ್ಲಿ ಈ ಒಂದು ಕೆಲಸಕ್ಕೇ ಈಗ ಡಾಕ್ಟರುಗಳನ್ನು ಇಡುತ್ತಿದ್ದಾರಂತೆ. ಸರ್ಜರಿ ಬಿಟ್ಟು ಅದನ್ನೇ ಕಲಿಯಬೇಕೆಂದು ಅವನ ಮನಸ್ಸು.

ಇಷ್ಟು ಒಳ್ಳೆಯ ಕೈ ಇಟ್ಟುಕೊಂಡು ಏಕಪ್ಪಾ ಎಂದೆ.

"ಕೊಯ್ಯೋವಾಗ್ಲೂ ನನ್ ಕಿವಿ ತಲೆ ಕಡೇಗೇ ಇರ್ತದೆ ಪಾಪಯ್ಯಣ್ಣ" ಎಂದ. "ಉಸಿರು ಸರೀಗೈತಾ ಅಂತ. ಕೈ ಒಂದ್ ಕಡೆ ಕಿವಿ ಒಂದ್ ಕಡೆ ಇದ್ರೆ, ಇವತ್ತಲ್ಲ ನಾಳೆ ಯಾರನ್ನೋ ಕೊಂದ್ಬುಡ್ತೀನಿ. ಆ ಸ್ಟೂಲ್ ಮೇಲೆ ಕೂತ್ರೆ ಎರಡೂ ಒಂದೇ ಕಡೆ ಇರ್ತವೆ."

ನನಗೆ ಬೇಜಾರಾಗಬೇಕಿತ್ತೋ ಏನೋ, ಆಗಲಿಲ್ಲ. ಐದು ಬುಧವಾರ ನಾನು ಹೊಟ್ಟೆ ತುಂಬ ಉಂಡಿದ್ದೆ. ತಗೋಪ್ಪಾ ಎಂದೆ.

ದೊಡ್ಡ ಡಾಕ್ಟರ ಹತ್ತಿರ ಅಷ್ಟು ಸುಲಭವಾಗಲಿಲ್ಲ. ಅವನು ಕೇಳಿದಾಗ ನಾನು ಪಕ್ಕದ ಕೋಣೆಯಲ್ಲಿ ಬಟ್ಟೆ ಮಡಚುತ್ತಿದ್ದೆ. ಅವರು ಮೊದಲು ನಕ್ಕರು, ಆಮೇಲೆ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದರು. ಅವರ ಸಿಟ್ಟಿಗೆ ಕಾರಣವಿತ್ತು. ಎದುರು ನಿಂತು ಸಹಾಯ ಮಾಡುವವನೊಬ್ಬ ಸಿಕ್ಕಿದ್ದ. ಇಷ್ಟು ದಿನ ಒಂಟಿಯಾಗಿ ಒದ್ದಾಡಿದವರಿಗೆ ಆ ಕೈಯನ್ನು ಬಿಡಲು ಮನಸ್ಸಿಲ್ಲ. ಅದನ್ನು ಅವರು ಹಾಗೆ ಹೇಳಲಿಲ್ಲ. ಓದಿದವನು ಮಾಡುವ ಕೆಲಸವಲ್ಲ ಅದು ಎಂದರು. ನಡುವೆ ಬಿಟ್ಟರೆ ಆದ ಆರು ತಿಂಗಳೂ ಲೆಕ್ಕಕ್ಕಿಲ್ಲ ಎಂದರು. ಕಡೆಗೆ ಹೇಳಿದ ಮಾತು ವರಾಂಡಕ್ಕೂ ಕೇಳಿಸಿತು.

"ಚಾಕು ಹಿಡೀತೀಯಾ, ಮದರಾಸಿಗೆ ಕಾಗದ ನಾನು ಬರೀತೀನಿ. ಬಾಟ್ಲಿ ಹಿಡೀತೀಯಾ, ಪಾಪಯ್ಯನ ಹತ್ರ ಬರೆಸ್ಕೋ."

ಅವರ ಕಾಗದವಿಲ್ಲದೆ ಮದರಾಸಿನಲ್ಲಿ ಯಾರೂ ಬಾಗಿಲು ತೆಗೆಯುವುದಿಲ್ಲ ಎಂದು ಹುಡುಗನಿಗೂ ಗೊತ್ತು. ಅವನು ವಾದ ಮಾಡಲಿಲ್ಲ. ಮುಂದಿನ ಗುರುವಾರದಿಂದ ಚಾಕಿನ ಕಡೆಗೆ ನಿಲ್ಲುವುದು, ನಾನು ಸ್ಟೂಲಿಗೆ ವಾಪಸು ಹೋಗುವುದು ಎಂದಾಯಿತು.

ಅದೇ ವಾರ ದೊಡ್ಡವೆಂಕಟಪ್ಪ ಅವರೆಕಾಯಿಯ ಚೀಲದೊಂದಿಗೆ ಬಂದ. ಹುಡುಗ ಅವನಿಗೂ ಮುಚ್ಚಿಡಲಿಲ್ಲ. ವರಾಂಡದಲ್ಲಿ, ನನ್ನೆದುರಿಗೇ ಹೇಳಿದ. ಮಾವನಿಗೆ ಅದು ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು.

"ಪಾಪಯ್ಯನ ಕೆಲ್ಸ ಮಾಡಾಕೆ ಮದ್ರಾಸ್‌ಗಂಟ ಹೋಗಿ ಓದ್ಬೇಕಿತ್ತೇನ್ಲಾ?" ಎಂದ. ನನ್ನ ಕಡೆ ತಿರುಗಿ, "ನೀನ್ ಬೇಜಾರ್ ಮಾಡ್ಕಬ್ಯಾಡಪ್ಪ" ಎಂದ. ಮತ್ತೆ ಅವನ ಕಡೆ ತಿರುಗಿದ. "ಸಂತೇಲಿ ಯಾವ್ ಮುಖ ಇಟ್ಕಂಡ್ ಓಡಾಡ್ಲಿ? ಕೊಯ್ಯೋನು ಕೊಯ್ತಾ ಇದ್ರೆ ಪಕ್ದಾಗೆ ಮೂಗ್ ಮುಚ್ಕೊಂಡ್ ಕೂತಿರ್ತಾನೆ ನಮ್ ಹುಡ್ಗ ಅನ್ಲಾ?"

ತನ್ನ ಮೂಗಲ್ಲ, ರೋಗಿಯ ಮೂಗು ಎಂದು ಹುಡುಗ ತಿದ್ದಿದ. ಮಾವನಿಗೆ ನಗು ಬರಲಿಲ್ಲ. ರಾಮಕೃಷ್ಣಪ್ಪ ಒಳಗೆ ರೋಗಿ ನೋಡಲು ಹೋದ.

ದೊಡ್ಡವೆಂಕಟಪ್ಪ ಬೆಂಚಿನ ಮೇಲೆ ಕೂತ. ಕೂರುವಾಗ ಎಡಗೈ ತಾನಾಗಿ ಪಂಚೆಯ ಮೇಲೆ ತೊಡೆಸಂದಿಗೆ ಹೋಗಿ ಒತ್ತಿಕೊಂಡಿತು. ಡ್ರೆಸ್ಸರ್ ಕೆಲಸ ಇಷ್ಟು ವರ್ಷ ಮಾಡಿದವನಿಗೆ ಅಷ್ಟು ಸಾಕು. ಕರುಳು ಇಳಿದು ಎಷ್ಟು ವರ್ಷವಾಯಿತು ಎಂದು ಮೆಲ್ಲಗೆ ಕೇಳಿದೆ. ಅವನು ಸುತ್ತಮುತ್ತ ನೋಡಿದ. ಎಂಟು ವರ್ಷ ಎಂದ. ಮೂಟೆ ಎತ್ತಿದರೆ ಮೂಸಂಬಿಯಷ್ಟು ಇಳಿಯುತ್ತದಂತೆ, ಮಲಗಿ ಒತ್ತಿದರೆ ಒಳಗೆ ಹೋಗುತ್ತದಂತೆ. ಈಚೆಗೆ ಒಳಗೆ ಹೋಗಲು ಸತಾಯಿಸುತ್ತದಂತೆ. ಕೊಯ್ಯುವವನನ್ನೇ ಮನೆಯಲ್ಲಿ ಬೆಳೆಸಿದ್ದೀಯಲ್ಲ, ತೋರಿಸಬಾರದೇ ಎಂದೆ.

"ಭಯ ಕಣಪ್ಪ" ಎಂದ, ಆ ದೊಡ್ಡ ಗಂಟಲು ಎಲ್ಲಿ ಹೋಯಿತೋ. "ನಮ್ಮೂರೋನ್ ಒಬ್ಬ ಇಲ್ಲೇ ಕೊಯ್ಸ್ಕಂಡ. ಕೊಯ್ಯೋದು ಪೂರ್ತಿ ಗೊತ್ತಾಯ್ತಂತೆ ಅವ್ನಿಗೆ. ಹುಡ್ಗಂಗ್ ಹೇಳ್ಬ್ಯಾಡ."

ಹೇಳುವುದಿಲ್ಲ ಎಂದು ಮಾತು ಕೊಟ್ಟೆ. ಆದರೆ ಒಳಗೆ ಹೋಗಲು ಸತಾಯಿಸುವ ಕರುಳು ಒಂದು ದಿನ ಸಿಕ್ಕಿಕೊಂಡುಬಿಡುತ್ತದೆ, ಆಗ ಎತ್ತಿನ ಗಾಡಿಯಲ್ಲಿ ಬರುವಷ್ಟರಲ್ಲಿ ಮುಗಿದಿರುತ್ತದೆ, ಅಂಥವರನ್ನು ನಾನು ವರ್ಷಕ್ಕೆ ನಾಲ್ಕು ಜನರನ್ನು ಕಂಡಿದ್ದೇನೆ ಎಂದೂ ಹೇಳಿದೆ. ಸೊಣ್ಣಪ್ಪನ ವಿಷಯವನ್ನೂ ಹೇಳಿದೆ. ಮೂರನೆಯ ಕಂಡಗದ ಮಾತು ಬಂದಾಗ ಅವನು ಬಾಯಿ ತೆರೆದು ಕೇಳಿದ. ಆಮೇಲೆ ಖಾಲಿ ಚೀಲ ಮಡಚಿಕೊಂಡು ಬಸ್ಸಿಗೆ ಹೋದ.

ಆಮೇಲಿನ ಬುಧವಾರ ಮೂರು ಜನ ರೋಗಿಗಳಿದ್ದರು. ಮುತ್ತರಾಯಪ್ಪ, ಮುನಿಕೃಷ್ಣಪ್ಪ, ಆದಿಲಕ್ಷ್ಮಮ್ಮ. ಸಂಜೆ ರಾಮಕೃಷ್ಣಪ್ಪ ಎಂದಿನಂತೆ ಅವರ ಹತ್ತಿರ ಹೋಗಿ, ನಾಳೆ ತಲೆಯ ಹತ್ತಿರ ಪಾಪಯ್ಯ ಇರುತ್ತಾರೆ, ನಾನು ಆ ಕಡೆ ನಿಂತಿರುತ್ತೇನೆ ಎಂದು ಇದ್ದದ್ದನ್ನು ಹೇಳಿದ. ಅವನು ಹೋದ ಮೇಲೆ ಮೂವರೂ ನನ್ನನ್ನು ಕರೆದು, ಹೌದೇ ಎಂದು ಕೇಳಿದರು. ಹೌದು ಎಂದೆ. ನನಗೂ ಈಗ ಕಂಡಗದ ಲೆಕ್ಕ ಗೊತ್ತು ಎಂದು ಸೇರಿಸಿದೆ. ಅದು ಅವರಿಗೆ ಸಮಾಧಾನ ತಂದಂತೆ ಕಾಣಲಿಲ್ಲ.

ಬೆಳಿಗ್ಗೆ ಮುತ್ತರಾಯಪ್ಪನಿಗೆ ಹೊಲದಲ್ಲಿ ಏನೋ ಅವಸರದ ಕೆಲಸ ನೆನಪಾಯಿತು. ಮುನಿಕೃಷ್ಣಪ್ಪ ಹೇಳದೆಯೇ ಹೋಗಿದ್ದ, ಮಂಚದ ಮೇಲೆ ಕಂಬಳಿಯನ್ನು ಅಂದವಾಗಿ ಮಡಚಿಟ್ಟಿದ್ದ. ಆದಿಲಕ್ಷ್ಮಮ್ಮ ಒಬ್ಬಳೇ ನೆಟ್ಟಗೆ ಮಾತಾಡಿದಳು. ಗಂಟು ಕೈಗೆತ್ತಿಕೊಂಡು ನನ್ನೆದುರು ನಿಂತು, "ನಿನ್ ಮ್ಯಾಲೇನೂ ಕೋಪ ಇಲ್ಲಣ್ಣ. ಆ ಕೇಳೋ ಡಾಕ್ಟ್ರು ಮತ್ತೆ ತಲೆತಾವ್ ಕೂತಾಗ ಹೇಳ್ ಕಳ್ಸು, ಬತ್ತೀನಿ" ಎಂದು ಹೊರಟಳು.

ಒಂಬತ್ತು ಗಂಟೆಗೆ ದೊಡ್ಡ ಡಾಕ್ಟರು ಕೈ ತೊಳೆದು, ನಿಲುವಂಗಿ ಹಾಕಿಕೊಂಡು, ಕೈಗವಸು ತೊಟ್ಟು, ಎರಡು ಕೈಗಳನ್ನೂ ಎದೆಯ ಮುಂದೆ ಎತ್ತಿಹಿಡಿದು ಒಳಗೆ ಬಂದರು. ಚಾಕು ಕತ್ತರಿಗಳು ಸಾಲಾಗಿದ್ದವು, ಹಬೆಯಾಡುತ್ತಿದ್ದವು. ಮೇಜು ಖಾಲಿ. ರೋಗಿ ಎಲ್ಲಿ ಎಂದರು. ಇಲ್ಲ ಎಂದೆ. ಇನ್ನೊಬ್ಬರು? ಅವರೂ ಇಲ್ಲ. ಮೂರನೆಯವಳು? ಆಕೆ ಹೇಳಿದ್ದನ್ನು ಹಾಗೇ ಒಪ್ಪಿಸಿದೆ. ರಾಮಕೃಷ್ಣಪ್ಪನೂ ಕೈಗವಸು ತೊಟ್ಟು ಎದುರಿಗೆ ನಿಂತಿದ್ದ. ಅವನು ನೆಲ ನೋಡುತ್ತಿದ್ದ.

ದೊಡ್ಡ ಡಾಕ್ಟರು ನನ್ನ ಮೇಲೆ ಕೂಗಬಹುದೆಂದು ಕಾದೆ. ಕೂಗಲಿಲ್ಲ. ಬರ್ಮಾದಲ್ಲಿ ಬಾಂಬಿನ ಸದ್ದಿನ ನಡುವೆ ಕೊಯ್ದವರು, ನಮ್ಮ ಖಾಲಿ ಮೇಜಿನ ಮುಂದೆ ಏನು ಮಾಡಬೇಕೆಂದು ತಿಳಿಯದೆ ನಿಂತರು.

ಅಷ್ಟರಲ್ಲಿ ವರಾಂಡದಲ್ಲಿ ದೊಡ್ಡವೆಂಕಟಪ್ಪನ ದನಿ ಕೇಳಿಸಿತು. ಎರಡು ದಿನದಿಂದ ಕರುಳು ಒಳಗೆ ಹೋಗಲು ಬಹಳ ಹೊತ್ತು ಹಿಡಿದಿತ್ತಂತೆ. ನನ್ನ ಮಾತು ಅವನ ಹೊಟ್ಟೆಯೊಳಗೆ ಕೆಲಸ ಮಾಡಿತ್ತು. ಹಿಂದಿನ ದಿನ ಮಧ್ಯಾಹ್ನದಿಂದ ಏನೂ ತಿಂದಿರಲಿಲ್ಲ, ನೋವಿಗೋ ಭಯಕ್ಕೋ. ರಾಮಕೃಷ್ಣಪ್ಪ ಗವಸು ತೆಗೆದು ಹೊರಗೆ ಓಡಿ, ಅವನನ್ನು ಬೆಂಚಿನ ಮೇಲೆ ಮಲಗಿಸಿ ನೋಡಿದ. ಎಂಟು ವರ್ಷ ಮುಚ್ಚಿಟ್ಟಿದ್ದಕ್ಕೆ ಬೈದ. ಇವತ್ತೇ ಮಾಡಿಬಿಡೋಣ ಎಂದ. ಬಾಗಿಲು ತೆರೆದೇ ಇತ್ತು. ದೊಡ್ಡ ಡಾಕ್ಟರು ಕೈ ಎತ್ತಿಕೊಂಡೇ ಒಳಗಿಂದ ನೋಡುತ್ತಿದ್ದರು.

"ನೀನೇ ಕೊಯ್ತೀಯಾ?" ಎಂದು ಮಾವ ಕೇಳಿದ.

"ಇಲ್ಲ ಮಾವ. ದೊಡ್ಡ ಡಾಕ್ಟ್ರು ಕೊಯ್ತಾರೆ. ಅವ್ರಿಗಿಂತ ಚೆನ್ನಾಗಿ ಈ ಜಿಲ್ಲೇಲಿ ಯಾರೂ ಕೊಯ್ಯಲ್ಲ."

"ಮತ್ತೆ ನೀನೇನ್ ಮಾಡ್ತೀಯ?"

"ಎದುರಿಗ್ ನಿಂತು ಕೊಕ್ಕೆ ಹಿಡ್ಕೊತೀನಿ. ಗಾಯ ಅಗಲಿಸಿ ಹಿಡೀಬೇಕಲ್ಲ."

ದೊಡ್ಡವೆಂಕಟಪ್ಪ ಬೆಂಚಿನ ಮೇಲೆ ಎದ್ದು ಕೂತ. ಆಮೇಲೆ ಬಹಳ ನ್ಯಾಯವಾದ ಮಾತು ಹೇಳುವವನಂತೆ ಹೇಳಿದ:

"ಕೊಕ್ಕೇನ ಪಾಪಯ್ಯ ಹಿಡೀಲಿ ಕಣ್ಲಾ. ಅದ್ಕೇನ್ ಓದ್ ಬೇಕಾ? ನೀನ್ ನನ್ ತಲೆತಾವ್ ಕೂತ್ಕೊ. ಇಲ್ಲಾಂದ್ರೆ ನಾನ್ ಬಸ್ ಹತ್ತೀನಿ."

ನಾನು ನಗಬಾರದೆಂದು ತುಟಿ ಕಚ್ಚಿದೆ. ವಾರದ ಹಿಂದೆ ಇದೇ ಬೆಂಚಿನ ಮೇಲೆ ಬೇರೆ ಮಾತಾಡಿದ್ದ ಮನುಷ್ಯ. ರಾಮಕೃಷ್ಣಪ್ಪ ಒಳಗೆ ತಿರುಗಿ ನೋಡಿದ. ಬಾಯಿಬಿಟ್ಟು ಕೇಳಲಿಲ್ಲ. ಒಮ್ಮೆ ಕೇಳಿ ಇಲ್ಲ ಎನಿಸಿಕೊಂಡಿದ್ದನಲ್ಲ.

ಎರಡು ವರ್ಷದಿಂದ ನಮ್ಮ ಕಡೆ ಇದ್ದ ದೊಡ್ಡ ಡಾಕ್ಟರಿಗೆ ಕನ್ನಡ ಪೂರ್ತಿ ಅರ್ಥವಾಗುತ್ತಿತ್ತು, ಮಾತಾಡುತ್ತಿದ್ದದ್ದು ಮಾತ್ರ ತಮಿಳು. ಅವರು ಖಾಲಿ ಮೇಜನ್ನು ನೋಡಿದರು, ಬೆಂಚನ್ನು ನೋಡಿದರು. ಕಡೆಗೆ ನನ್ನನ್ನು ನೋಡಿದರು.

"ಪಾಪಯ್ಯ, ಕೈ ತೊಳ್ಕೋ" ಎಂದರು.

ಬಲಗೈಯ ಹೊಸ ಚರ್ಮ ಉರಿಯುವಂತೆ ಹತ್ತು ನಿಮಿಷ ಸೋಪು ಹಾಕಿ ಉಜ್ಜಿದೆ. ನಾನು ತೊಳೆದುಕೊಂಡು ಬರುವಷ್ಟರಲ್ಲಿ ಮಾವ ಮೇಜಿನ ಮೇಲಿದ್ದ, ಅಳಿಯ ಸ್ಟೂಲಿನ ಮೇಲಿದ್ದ. ಹುಡುಗ ಅವನಿಗೆ ಎಣಿಸು ಎಂದು ಹೇಳಲಿಲ್ಲ. ಹೊಸದಾಗಿ ಕೊಂಡ ಜೋಡಿ ಎತ್ತು ಹೇಗಿವೆ ಎಂದು ಕೇಳಿದ. ದೊಡ್ಡವೆಂಕಟಪ್ಪ ಬುಟ್ಟಿಯೊಳಗಿಂದ, ಎಡಗಡೆಯದು ಬಂಗಾರ, ನೇಗಿಲಿಗೆ ಕಟ್ಟಿದರೆ ಹಿಂದೆ ತಿರುಗಿ ನೋಡುವುದಿಲ್ಲ ಎಂದು ಶುರುಮಾಡಿದ. ಬಲಗಡೆಯದು, ಬಲಗಡೆಯದು ಎಂದು ಎರಡು ಸಲ ಅಂದು ನಿಂತ. ರಾಮಕೃಷ್ಣಪ್ಪ ಕಾದ. ರೆಪ್ಪೆ ಸವರಿದ. ಇನ್ನೂ ಕಾದ. ದೊಡ್ಡ ಡಾಕ್ಟರು ಒಂದು ಸಲವೂ ಗಡಿಯಾರ ನೋಡಲಿಲ್ಲ.

ಮುಕ್ಕಾಲು ಗಂಟೆ ನಾನು ಕೊಕ್ಕೆ ಹಿಡಿದೆ. ಒಳಗೆ ನೋಡುವ ಆಸೆಗೆ ತಲೆ ಬಗ್ಗಿಸಿ ಬೆಳಕಿಗೆ ಅಡ್ಡ ಬಂದು ಎರಡು ಸಲ ಬೈಸಿಕೊಂಡೆ. ಭುಜ ಸೋತು ಕೊಕ್ಕೆ ಸಡಿಲವಾದಾಗ ಮೂರನೆಯ ಸಲ. ಆದರೆ ದೊಡ್ಡ ಡಾಕ್ಟರು ಅಷ್ಟು ನಿಧಾನವಾಗಿ, ಅಷ್ಟು ಅಂದವಾಗಿ ಹೊಲಿದದ್ದನ್ನು ನಾನು ಮೊದಲು ಕಂಡಿರಲಿಲ್ಲ. ಒದೆಯುವ ಮನುಷ್ಯನ ಮೇಲೆ ಅವಸರದ ಹೊಲಿಗೆ ಹಾಕಿ ಹಾಕಿ, ತಮ್ಮ ಕೈ ಏನೆಂಬುದು ಅವರಿಗೇ ಮರೆತಿತ್ತೇನೋ. ಕಡೆಯ ಗಂಟು ಹಾಕಿದ ಮೇಲೆ ಒಂದು ಕ್ಷಣ ಅದನ್ನೇ ನೋಡುತ್ತಾ ನಿಂತರು.

ದೊಡ್ಡವೆಂಕಟಪ್ಪ ಮಂಚದ ಮೇಲೆ ಕಣ್ಣು ಬಿಟ್ಟಾಗ ಅಳಿಯ ಪಕ್ಕದಲ್ಲೇ ಇದ್ದ. "ಬಲಗಡೇದು ಸ್ವಲ್ಪ ಮೊಂಡ ಕಣ್ಲಾ" ಎಂದ ಮಾವ, ಮಾತು ನಿಂತಲ್ಲಿಂದ ಮುಂದಕ್ಕೆ. ಆಮೇಲೆ ವಾಂತಿ ಮಾಡಿಕೊಂಡ. ಆಮೇಲೆ ಯಾವಾಗ ಕೊಯ್ಯುತ್ತಾರೆ ಎಂದು ಕೇಳಿದ. ಪಂಚೆ ಎತ್ತಿ ಕಟ್ಟು ತೋರಿಸುವವರೆಗೂ ನಂಬಲಿಲ್ಲ.

ಅಂದು ಮಧ್ಯಾಹ್ನ ದೊಡ್ಡ ಡಾಕ್ಟರು ಇಬ್ಬರನ್ನೂ ಕೋಣೆಗೆ ಕರೆದರು. ತಪ್ಪಾಯಿತು ಎನ್ನುವ ಜನ ಅವರಲ್ಲ. ಎದ್ದು ಹೋದ ಮೂವರೂ ಮುಂದಿನ ವಾರಕ್ಕೆ ವಾಪಸು ಬರುತ್ತಾರೆಯೇ ಎಂದು ನನ್ನನ್ನು ಕೇಳಿದರು. ಹೇಳಿಕಳಿಸಿದರೆ ಬರುತ್ತಾರೆ, ಇನ್ನೂ ಹತ್ತು ಜನರನ್ನು ಕರೆತರುತ್ತಾರೆ ಎಂದೆ. ಹೇಳಿಕಳಿಸು ಎಂದರು. ರಾಮಕೃಷ್ಣಪ್ಪನಿಗೆ, ಮದರಾಸಿಗೆ ಕಾಗದ ಬರೆಯುತ್ತೇನೆ, ನೀನು ಕೇಳಿದ ಕೆಲಸಕ್ಕೇ ಬರೆಯುತ್ತೇನೆ, ಆದ ಆರು ತಿಂಗಳನ್ನೂ ಸೇರಿಸಿ ವರ್ಷ ಪೂರ್ತಿ ಎಂದು ಬರೆಯುತ್ತೇನೆ ಎಂದರು. ಒಂದೇ ಷರತ್ತು. ಅವನು ಮದರಾಸಿಗೆ ಹೋದ ಮೇಲೆ ಇಲ್ಲಿಯ ಸ್ಟೂಲು ಖಾಲಿ ಬೀಳುತ್ತದೆ. ಹೋಗುವ ಮೊದಲು ತನಗೆ ಗೊತ್ತಿರುವುದನ್ನೆಲ್ಲ ಪಾಪಯ್ಯನಿಗೆ ಕಲಿಸಿ ಹೋಗಬೇಕು.

ಹುಡುಗ ಕೈ ಮುಗಿದ. ಹೊರಗೆ ಬಂದವನೇ ನಲ್ಲಿ ಬಿಟ್ಟುಕೊಂಡು ಮುಖ ತೊಳೆದ, ತೊಳೆಯುತ್ತಲೇ ಇದ್ದ. ನಾನ್ಯಾಕೋ ಮಧ್ಯೆ ಸಿಕ್ಕಿಹಾಕಿಕೊಂಡೆನಲ್ಲ ಎಂದು ಗೊಣಗುತ್ತಾ ನಾನು ಟವೆಲ್ ಹಿಡಿದು ನಿಂತಿದ್ದೆ.

ಐದು ತಿಂಗಳು ಅವನು ನನಗೆ ಕಲಿಸಿದ. ನಲವತ್ತೆರಡು ವರ್ಷದವನು ಇಪ್ಪತ್ತೈದರವನ ಹತ್ತಿರ ಪಾಠ ಹೇಳಿಸಿಕೊಂಡೆ. ಉಸಿರಿನ ಸದ್ದು ಯಾವಾಗ ಗೊರಕೆ, ಯಾವಾಗ ನಾಲಿಗೆ ಹಿಂದಕ್ಕೆ ಬಿದ್ದದ್ದು. ಕಣ್ಣಿನ ಪಾಪೆ ಎಷ್ಟು ಅಗಲವಾದರೆ ಬಾಟಲಿ ಕೆಳಗಿಡಬೇಕು. ಕಿವಿಯ ಮುಂದಿನ ನಾಡಿಯ ಮೇಲೆ ಎರಡು ಬೆರಳನ್ನು ಇಟ್ಟು ಹೇಗೆ ಮರೆತುಬಿಡಬೇಕು, ಅವು ತಾವಾಗಿ ಎಚ್ಚರವಾಗಿರುವಂತೆ. ಬುಧವಾರ ಸಂಜೆ ಮಂಚದಿಂದ ಮಂಚಕ್ಕೆ ಇಬ್ಬರೂ ಹೋಗುತ್ತಿದ್ದೆವು. ಮೊದಮೊದಲು ಅವನು ಕೇಳುತ್ತಿದ್ದ, ನಾನು ನಿಂತಿರುತ್ತಿದ್ದೆ. ಕೊನೆಕೊನೆಗೆ ನಾನು ಕೇಳುತ್ತಿದ್ದೆ, ಅವನು ಕಿಟಕಿಯ ಹತ್ತಿರ ನಿಂತಿರುತ್ತಿದ್ದ. ಆದಿಲಕ್ಷ್ಮಮ್ಮ ಎರಡನೆಯ ಸಲ ಬಂದಾಗ ನನ್ನನ್ನು ಮೇಲಿಂದ ಕೆಳಗೆ ನೋಡಿ, ಪರವಾಗಿಲ್ಲ, ನೀನೂ ಕೇಳೋದ್ ಕಲ್ತೆ ಎಂದಳು. ಆದರೂ ಅವಳ ಆಪರೇಷನ್ನಿಗೆ ಹುಡುಗನೇ ಕೂತ. ಅಷ್ಟು ಬೇಗ ನಂಬುವ ಹೆಂಗಸಲ್ಲ.

ಸಂತೆಯಲ್ಲಿ ದೊಡ್ಡವೆಂಕಟಪ್ಪನ ಗಂಟಲು ಮತ್ತೆ ತೆರೆದುಕೊಂಡಿತಂತೆ. ಕೊಯ್ಯುವವರು ಎಲ್ಲಾದರೂ ಸಿಗುತ್ತಾರೆ, ಕೊಯ್ದದ್ದೇ ಗೊತ್ತಾಗದ ಹಾಗೆ ಮಾಡುವವನು ನಮ್ಮ ಹುಡುಗನೊಬ್ಬನೇ ಎಂದು. ಕೇಳುವವರು ನಂಬದಿದ್ದರೆ ಪಂಚೆಯ ಗಂಟಿಗೆ ಕೈ ಹಾಕುತ್ತಿದ್ದನಂತೆ. ಅಲ್ಲಿಗೆ ಎಲ್ಲರೂ ನಂಬಿಬಿಡುತ್ತಿದ್ದರಂತೆ.

ನಲವತ್ತೇಳರ ಬೇಸಿಗೆ ಕಳೆದು ಮೊದಲ ಮಳೆ ಬಿದ್ದ ವಾರ ರಾಮಕೃಷ್ಣಪ್ಪ ಮದರಾಸಿಗೆ ಹೋದ. ಅದರ ಮುಂದಿನ ಗುರುವಾರ ಮೇಜಿನ ಮೇಲೆ ತೊರಪಲ್ಲಿಯ ಕಡೆಯ ಒಬ್ಬ ಹೆಂಗಸಿದ್ದಳು, ಕನಕಮ್ಮ ಎಂದು. ನಾನು ಸ್ಟೂಲಿನ ಮೇಲೆ ಒಬ್ಬನೇ. ಹೊಸದಾಗಿ ಬಂದಿದ್ದ ನರ್ಸು ಎದುರಿಗೆ ಕೊಕ್ಕೆ ಹಿಡಿದಿದ್ದಳು. ಕನಕಮ್ಮ ತನ್ನ ಮೊಮ್ಮಕ್ಕಳ ಹೆಸರು ಹೇಳುತ್ತಾ ಹೇಳುತ್ತಾ ನಿಂತಳು. ದೊಡ್ಡ ಡಾಕ್ಟರು ಚಾಕು ತೆಗೆದುಕೊಂಡು, ಅದನ್ನು ಹಾಗೇ ಮೇಲೆ ಹಿಡಿದು, ಹದಿಮೂರು ವರ್ಷದಿಂದ ಗಾಯ ತೊಳೆಯುತ್ತಿದ್ದ ನನ್ನ ಕಡೆ ತಿರುಗಿದರು.

"ಪಾಪಯ್ಯ, ಆಗಬಹುದಾ?" ಎಂದರು.

ನಾನು ಅವಳ ರೆಪ್ಪೆ ಸವರಿ ನೋಡಿದೆ. ಅದು ತುಸು ಅದುರಿತು.

"ಇನ್ನೊಂಚೂರು ಇರಿ ಸಾರ್" ಎಂದೆ.

ಅವರು ಕಾದರು.